ಗಡಿ ದಾಟಬಾರದ ಬೈಗುಳ

ರೈಲ್ವೆ ಸ್ಟೇಷನ್ನಿನ ಕಳೆದ ಸಾಮಾನುಗಳ ಕೌಂಟರಿನಲ್ಲಿ ಕೂತವರಿಗೆ ಎರಡೇ ಕೆಲಸ. ಸಾಮಾನು ಸಿಕ್ಕರೆ ತೆಗೆದಿಡಬೇಕು, ಅದರ ಧಣಿ ಬಂದರೆ ಕೊಟ್ಟು ಕಳಿಸಬೇಕು. ಮೊದಲನೆಯದನ್ನು ಯಾರು ಬೇಕಾದರೂ ಮಾಡಿಯಾರು. ಎರಡನೆಯದನ್ನು ಅಲ್ಲಿ ಕೂತಿದ್ದ ಮಹಾನುಭಾವರು ಎಷ್ಟು ಶ್ರದ್ಧೆಯಿಂದ ಮಾಡುತ್ತಿದ್ದರೆಂದರೆ, ಸಾಮಾನು ಕಳೆದುಕೊಂಡ ಎಷ್ಟೋ ಜನ ಹೊಸದೊಂದನ್ನು ಕೊಳ್ಳುವುದೇ ವಾಸಿ ಎಂದು ಸ್ಟೇಷನ್ನಿನ ಬಾಗಿಲಿಂದಲೇ ಹಿಂದಿರುಗುತ್ತಿದ್ದರು. "ಗುರುತು ಹೇಳಿ" ಎನ್ನುವುದು ಅವರ ಮಂತ್ರ. ಬಣ್ಣ, ಅಳತೆ, ಕಂಪನಿ ಹೇಳಿದರೆ ಸಾಲದು. ಅದೆಲ್ಲ ಕಳ್ಳನಿಗೂ ಗೊತ್ತಿರುತ್ತದೆ. ಎಲ್ಲಿ ಹೊಲಿಗೆ ಬಿಟ್ಟಿದೆ, ಎಲ್ಲಿ ಸುಟ್ಟ ಕಲೆ ಇದೆ, ಯಾವ ಜೇಬಿನ ತಳದಲ್ಲಿ ತೂತಿದೆ ಎಂದು ಧಣಿಗೆ ಮಾತ್ರ ಗೊತ್ತಿರುವುದನ್ನು ಹೇಳಬೇಕು. ಇದರಿಂದಾಗಿ ಸ್ಟೇಷನ್ನಿನವರೆಲ್ಲ ಅವರನ್ನು ಗುರುತಪ್ಪನವರು ಎಂದು ಕರೆಯುತ್ತಿದ್ದರು. ಅದು ಗೌರವದ ಬಿರುದೆಂದು ಅವರು ತಿಳಿದಿದ್ದರು.

ಒಮ್ಮೆ ಅವರ ಹೆಂಡತಿಯ ಕೈಚೀಲವೇ ರೈಲಿನಲ್ಲಿ ಉಳಿದು ಅವರ ಕೌಂಟರಿಗೆ ಬಂತು. ಆಕೆ ಬಂದು ಕೈ ಚಾಚಿದರೆ ಇವರು ಕನ್ನಡಕ ಏರಿಸಿ, ಸಾಲಿನಲ್ಲಿ ಬರಬೇಕು ಅಂದರು. ಆಕೆ ಸಾಲಿನಲ್ಲಿ ನಿಂತು ಬಂದಳು. ಒಳಗೆ ಏನೇನಿದೆ ಎಂದು ಅಪರಿಚಿತರ ಎದುರು ಒಂದೊಂದಾಗಿ ಹೇಳಿಸಿಕೊಂಡು ಕೊಟ್ಟರು. ಆ ದಿನದಿಂದ ಮನೆಯಲ್ಲಿ ಅವರು ಏನಾದರೂ ಹುಡುಕುತ್ತಿದ್ದರೆ ಆಕೆ ಸಹಾಯಕ್ಕೆ ಏಳುವುದಿಲ್ಲ, ಕೂತಲ್ಲಿಂದಲೇ ಗುರುತು ಕೇಳುತ್ತಾಳೆ.

ಇನ್ನೊಬ್ಬ ಪಾಪದ ಮನುಷ್ಯ, ಅಂಚೆ ಕಚೇರಿಯಲ್ಲಿ ಕೆಲಸ ಮಾಡುವವನು, ಒಂದು ಕಪ್ಪು ಛತ್ರಿಗಾಗಿ ವಾರ ವಾರವೂ ಬರುತ್ತಿದ್ದ. ಛತ್ರಿ ಮೇಲಿನ ಸಾಲಿನಲ್ಲಿ ಅವನ ಕಣ್ಣೆದುರಿಗೇ ನೇತಾಡುತ್ತಿತ್ತು. ಅದು ನಂದೇ ಸಾರ್ ಎಂದು ಅವನು, ಗುರುತು ಹೇಳಿ ಎಂದು ಇವರು. ಛತ್ರಿಗೆ ಛತ್ರಿಯಾಗಿರುವುದನ್ನು ಬಿಟ್ಟು ಬೇರೆ ಗುರುತು ಅವನಿಗೆ ಹೊಳೆಯುತ್ತಿರಲಿಲ್ಲ. ತನ್ನ ಸಾಮಾನಿನ ಗುರುತು ತನಗೇ ನೆನಪಿಲ್ಲದವನಿಗೆ ಅದನ್ನು ಇಟ್ಟುಕೊಳ್ಳುವ ಯೋಗ್ಯತೆ ಇಲ್ಲವೆಂದು ಗುರುತಪ್ಪನವರು ಅವನಿಗೆ ಪ್ರತಿ ಸಲವೂ ಶಾಂತವಾಗಿ ತಿಳಿಸಿ ಕಳಿಸುತ್ತಿದ್ದರು. ಈ ಮಾತನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಂಡರೆ ಒಳ್ಳೆಯದು.

ಹೀಗಿರುವಾಗ ಅವರು ಮನೆಯ ಕಂಪ್ಯೂಟರಿಗೆ ಒಂದು ಮೌಸ್ ಬೇಕೆಂದು ಅಂಗಡಿಗೆ ಹೋದರು. ಮೌಸುಗಳ ಪಕ್ಕದಲ್ಲೇ, ಗೋಡೆಗೆ ಒರಗಿಸಿ, ಒಂದು ರಟ್ಟಿನ ಡಬ್ಬಿ ಇತ್ತು. ಅದರ ಮೇಲೆ ಕೆಂಪು ಚೀಟಿ: ದೇಶದೊಳಗೆ ಮಾತ್ರ ಮಾರಾಟಕ್ಕೆ, ಸರ್ಕಾರದ ಅನುಮತಿ ಇಲ್ಲದೆ ಗಡಿಯಾಚೆ ಒಯ್ಯುವುದು ಶಿಕ್ಷಾರ್ಹ ಅಪರಾಧ. ಏನಪ್ಪಾ ಇದು ಎಂದು ಕೇಳಿದ್ದಕ್ಕೆ ಅಂಗಡಿಯವನು ದನಿ ತಗ್ಗಿಸಿದ. ಅದೊಂದು ಬೀಗದ ಸಾಫ್ಟ್‌ವೇರ್. ಕಂಪ್ಯೂಟರಿನಲ್ಲಿರುವ ಯಾವುದನ್ನಾದರೂ ಅದಕ್ಕೆ ಕೊಟ್ಟರೆ ಕಲಸಿ, ಕುಟ್ಟಿ, ಅರ್ಥವಿಲ್ಲದ ಅಕ್ಷರಗಳ ರಾಶಿ ಮಾಡಿಬಿಡುತ್ತದೆ. ನಾವು ಇಟ್ಟ ಪಾಸ್‌ವರ್ಡ್ ಕೊಟ್ಟರೆ ಮಾತ್ರ ಮತ್ತೆ ಮೊದಲಿನಂತಾಗುತ್ತದೆ. ಎಷ್ಟು ಗಟ್ಟಿ ಎಂದರೆ, ಸರ್ಕಾರದವರು ಇದನ್ನು ಫಿರಂಗಿ, ಟ್ಯಾಂಕುಗಳ ಜೊತೆಗೆ ಅದೇ ಪಟ್ಟಿಯಲ್ಲಿ ಸೇರಿಸಿದ್ದಾರೆ. ಹೊರದೇಶಗಳಿಗೆ ಮಾರುವುದು ಹಲ್ಲು ಕಿತ್ತ ಇನ್ನೊಂದು ನಮೂನೆಯನ್ನು. ನಿಜವಾದದ್ದು ಇಲ್ಲೇ ಇರಬೇಕು.

ಫಿರಂಗಿಯ ಜಾತಿಗೆ ಸೇರಿದ ವಸ್ತು ಮೌಸಿನ ಪಕ್ಕದಲ್ಲಿ, ಯಾರು ಬೇಕಾದರೂ ಕೊಳ್ಳುವಂತೆ ಕೂತಿದೆಯಲ್ಲ ಎಂದು ಬೇರೆಯವರಾಗಿದ್ದರೆ ಯೋಚಿಸುತ್ತಿದ್ದರು. ಗುರುತಪ್ಪನವರು ಯೋಚಿಸಿದ್ದೇ ಬೇರೆ. ಇಷ್ಟು ವರ್ಷದ ಸರ್ವೀಸಿನಲ್ಲಿ ಅವರ ಕೈಗೆ ಬಂದದ್ದೆಲ್ಲ ಜನ ಮರೆತು ಹೋದ ಸಾಮಾನು. ದೇಶ ಬಿಟ್ಟು ಹೋಗಬಾರದೆಂದು ಸರ್ಕಾರವೇ ಕಾಯುವ ಸಾಮಾನು ಒಂದೂ ಬಂದಿರಲಿಲ್ಲ. ಮೌಸ್ ಮರೆತು ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ಮನೆಗೆ ಬಂದರು. ದಾರಿಯಲ್ಲಿ ಸಿಕ್ಕ ನಾಲ್ಕಾರು ಜನಕ್ಕೆ ಕೆಂಪು ಚೀಟಿ ಕಾಣುವಂತೆ ಡಬ್ಬಿಯನ್ನು ತಿರುಗಿಸಿ ಹಿಡಿದಿದ್ದೂ ಉಂಟು.

ಬೀಗವೇನೋ ಬಂತು, ಹಾಕುವುದು ಯಾವುದಕ್ಕೆ? ಮನೆಯಲ್ಲಿ ರಹಸ್ಯವೆಂಬುದೇ ಇರಲಿಲ್ಲ. ಇದ್ದದ್ದನ್ನೆಲ್ಲ ಹೆಂಡತಿ ಎದುರುಮನೆಯವರಿಗೆ ಹೇಳಿಯಾಗಿತ್ತು. ಕೊನೆಗೆ ಅವರಿಗೆ ಅಮ್ಮನ ಕ್ಯಾಸೆಟ್ಟು ನೆನಪಾಯಿತು.

ತೀರಿಕೊಂಡ ತಾಯಿಯ ದನಿ ಆ ಮನೆಯಲ್ಲಿ ಉಳಿದಿದ್ದು ಅದೊಂದರಲ್ಲಿ ಮಾತ್ರ. ಗುರುತಪ್ಪನವರು ಹರೆಯದಲ್ಲಿ ಹೊಸ ಟೇಪ್ ರೆಕಾರ್ಡರ್ ತಂದು ಗುಂಡಿ ಒತ್ತಿ ಪರೀಕ್ಷೆ ಮಾಡುತ್ತಿದ್ದಾಗ ಅಮ್ಮ ಒಳಗೆ ಬಂದಿದ್ದಳು. ಅದೇ ದಿನ ಬೆಳಿಗ್ಗೆ ಮಗರಾಯ ಬಾಗಿಲಿಗೆ ದೊಡ್ಡದೊಂದು ಬೀಗ ತಂದು ಜಡಿದು, ಕೀಲಿ ಕಳೆದು, ಇಡೀ ಸಂಸಾರವನ್ನು ಬೀದಿಯಲ್ಲಿ ನಿಲ್ಲಿಸಿದ್ದ. ಅಮ್ಮ ಬೈದಳು, ಯಂತ್ರ ಹಿಡಿದಿಟ್ಟುಕೊಂಡಿತು. ಬೀಗ ಮಾತ್ರ ಆನೆಗಾತ್ರದ್ದು ತಂದೆ, ಕೀಲಿ ಎಲ್ಲೋ ಅಂದರೆ ಸೂರು ನೋಡ್ತೀಯಲ್ಲ, ಅಲ್ಲೇನು ಬರೆದಿದ್ಯಾ, ಎಂದು ಶುರುವಾಗುವ ಆ ಬೈಗುಳವನ್ನು ಗುರುತಪ್ಪನವರೂ ಅವರ ಅಕ್ಕನೂ ಎಷ್ಟೋ ಸಲ ಹಾಕಿಕೊಂಡು ನಕ್ಕಿದ್ದರು, ಅಮ್ಮ ಹೋದ ಮೇಲೆ ಅತ್ತಿದ್ದರು. ಅಕ್ಕ ಮದುವೆಯಾಗಿ ಗಡಿಯಾಚೆಯ ದೇಶಕ್ಕೆ ಹೋದಳು. ಕ್ಯಾಸೆಟ್ಟು ತಮ್ಮನ ಬಳಿ ಉಳಿಯಿತು.

ಅದನ್ನು ಅಂಗಡಿಯವನಿಂದ ಕಂಪ್ಯೂಟರಿಗೆ ಇಳಿಸಿಕೊಂಡರು. ಡಬ್ಬಿಯೊಳಗೆ ಬಳಸುವ ಕ್ರಮದ ಒಂದು ಪುಸ್ತಿಕೆ ಇತ್ತು. ಗುರುತಪ್ಪನವರು ಸರ್ಕಾರಿ ಮನುಷ್ಯ, ಅಚ್ಚಾದದ್ದಕ್ಕೆಲ್ಲ ವಿಧೇಯರು. ಪಾಸ್‌ವರ್ಡ್ ಉದ್ದವಾಗಿರಲಿ ಎಂದಿತ್ತು, ಉದ್ದ ಮಾಡಿದರು. ಮನೆಯವರ ಹೆಸರು, ಹುಟ್ಟಿದ ದಿನ ಬೇಡ ಎಂದಿತ್ತು, ಬಿಟ್ಟರು. ಎಲ್ಲೂ ಬರೆದಿಡಬೇಡಿ ಎಂದಿತ್ತು, ಬರೆಯಲಿಲ್ಲ. ಬೀಗ ಹಾಕಿದ ಮೇಲೆ ಮೂಲವನ್ನು ನಾಶಪಡಿಸಿ ಎಂದಿತ್ತು. ಕ್ಯಾಸೆಟ್ಟಿನ ಹೊಟ್ಟೆ ಬಗೆದು ಕಂದು ಪಟ್ಟಿಯನ್ನೆಲ್ಲ ಎಳೆದು ಹೊರಗೆ ಹಾಕಿದರು. ಹೆಂಡತಿ ಅದನ್ನು ಹಾಳು ಮಾಡುವುದೇಕೆಂದು ಬಾಲ್ಕನಿಯ ಹೂಕುಂಡಗಳ ಮೇಲೆ ಅಡ್ಡಡ್ಡ ಕಟ್ಟಿದಳು. ಬಿಸಿಲಿಗೆ ಮಿರಮಿರ ಮಿಂಚಿ, ಗಾಳಿಗೆ ಸರಸರ ಅಂದು ಪಾರಿವಾಳಗಳನ್ನು ಓಡಿಸಲು ಅದು ಚೆನ್ನಾಗಿತ್ತು. ಅಮ್ಮ ಬದುಕಿದ್ದಾಗಲೂ ಪಾರಿವಾಳಗಳು ಆಕೆಯನ್ನು ಕಂಡರೆ ನಿಲ್ಲುತ್ತಿರಲಿಲ್ಲ.

ಪಾಸ್‌ವರ್ಡಿನ ವಿಷಯದಲ್ಲಿ ಗುರುತಪ್ಪನವರು ತಮ್ಮ ಬುದ್ಧಿಯನ್ನೆಲ್ಲ ಖರ್ಚು ಮಾಡಿದ್ದರು. ಬರೆದಿಡಬಾರದು, ಮರೆಯಲೂಬಾರದು. ಹಾಗಾದರೆ ದಿನವೂ ಕಣ್ಣಿಗೆ ಬೀಳುವ ಯಾವುದಾದರೂ ಆಗಬೇಕು. ಕೌಂಟರಿನ ಹಿಂದಿನ ಕಪಾಟಿನಲ್ಲಿ ಮೇಲಿನ ಸಾಲಿನ ಸಾಮಾನುಗಳನ್ನು ಎಡದಿಂದ ಬಲಕ್ಕೆ ನೋಡುತ್ತ, ಒಂದೊಂದರ ಗುರುತನ್ನೂ ಒಂದಕ್ಕೊಂದು ಪೋಣಿಸಿದರು. ಛತ್ರಿಯ ಹಿಡಿಯಲ್ಲಿದ್ದ ಹಲ್ಲಿನ ಕಚ್ಚು, ಎಡಗಾಲಿನ ಬೂಟಿನ ಹಸಿರು ಲಾಡಿ, ಗಂಟಲು ಸೀಳಿದ ಕೊಳಲು, ಹೀಗೆ ಆ ಸಾಲು ಮುಗಿಯುವವರೆಗೂ. ಜಗತ್ತಿನಲ್ಲಿ ಇನ್ನಾರೂ ಊಹಿಸಲಾರರು. ಸ್ವತಃ ಅವರಿಗೂ ನೆನಪಿಡುವ ಕಷ್ಟವಿಲ್ಲ, ತಲೆಯೆತ್ತಿ ನೋಡಿದರೆ ಸಾಕು.

ಆಮೇಲೆ ಇಲಾಖೆಯವರು ಬಂದು ಆ ಕೋಣೆಗೆ ಸುಣ್ಣ ಬಳಿಸಿದರು. ಬಹಳ ಕಾಲದಿಂದ ಯಾರೂ ಕೇಳದ ಸಾಮಾನುಗಳು ಉಗ್ರಾಣಕ್ಕೆ ಹೋದವು, ಉಳಿದವು ಕೂಲಿಯವರ ಕೈಗೆ ಸಿಕ್ಕ ಕಡೆ ಕೂತವು. ಗುರುತಪ್ಪನವರು ಹೊಸ ಸುಣ್ಣದ ಬಿಳುಪನ್ನು ಬಾಯಿ ತುಂಬ ಹೊಗಳಿದರು.

ಆ ವಾರವೇ ಅಕ್ಕನ ಫೋನು ಬಂತು. ಅಕ್ಕ ಯಾವತ್ತೂ ಸುತ್ತಿ ಬಳಸಿ ಮಾತಾಡುವವಳಲ್ಲ. ಎಡಗಿವಿ ಪೂರ್ತಿ ಹೋಯಿತಂತೆ, ಬಲಗಿವಿಯೂ ದಿನದಿಂದ ದಿನಕ್ಕೆ ಮುಚ್ಚಿಕೊಳ್ಳುತ್ತಿದೆಯಂತೆ, ಡಾಕ್ಟರು ಕೈಚೆಲ್ಲಿದರಂತೆ. ಇಷ್ಟನ್ನೂ ಬೇರೆ ಯಾರದೋ ಸಮಾಚಾರ ಹೇಳುವ ಹಾಗೆ ಹೇಳಿ, ಕೊನೆಗೆ ಅಂದಳು:

"ಕಿವಿ ಪೂರ್ತಿ ಹೋಗೋ ಮುಂಚೆ ಅಮ್ಮ ಬೈಯೋದನ್ನ ಇನ್ನೊಂದು ಸಲ ಕೇಳಬೇಕು ಕಣೋ. ಕಳಿಸ್ಕೊಡು."

ಗುರುತಪ್ಪನವರು ಇವತ್ತೇ ಕಳಿಸುತ್ತೇನೆ ಎಂದು ಕೂಗಿ ಹೇಳಿ, ಕಂಪ್ಯೂಟರಿನ ಮುಂದೆ ಕೂತರು. ಪಾಸ್‌ವರ್ಡ್ ಎಂದು ಅದು ಕೇಳಿತು. ಹಲ್ಲಿನ ಕಚ್ಚು, ಹಸಿರು ಲಾಡಿ, ಸೀಳಿದ ಕೊಳಲು, ಇಷ್ಟು ಬಂತು. ಕೊಳಲಿನ ಪಕ್ಕದಲ್ಲಿ ಏನಿತ್ತು? ಕನ್ನಡಕವೋ, ಬಾಲವಿಲ್ಲದ ಮರದ ಕುದುರೆಯೋ? ಮಾರನೆಯ ದಿನ ಆಫೀಸಿಗೆ ಓಡಿ ತಲೆಯೆತ್ತಿ ನೋಡಿದರೆ ಛತ್ರಿಯ ಪಕ್ಕದಲ್ಲಿ ಒಂದು ಬಕೆಟ್ ಕೂತಿತ್ತು. ಏಣಿ ಹಾಕಿಕೊಂಡು ಕಪಾಟಿನ ಸಾಮಾನನ್ನೆಲ್ಲ ಇಳಿಸಿ, ಏರಿಸಿ, ಅದಲು ಬದಲು ಮಾಡಿ ನೋಡಿದರು. ಕೌಂಟರಿನ ಮುಂದೆ ಸಾಲುಗಟ್ಟಿದ್ದ ಜನ, ಇವರು ಯಾವುದೋ ದೊಡ್ಡ ತನಿಖೆಯಲ್ಲಿದ್ದಾರೆಂದು ತಿಳಿದು ಸುಮ್ಮನೆ ನಿಂತಿದ್ದರು. ಮನೆಗೆ ಬಂದು ಪೋಣಿಸಿದ್ದನ್ನೆಲ್ಲ ಒಂದೊಂದಾಗಿ ಹಾಕಿದರು. ಪ್ರತಿ ಸಲವೂ ಅದು, ಕ್ಷಮಿಸಿ, ಮತ್ತೊಮ್ಮೆ ಪ್ರಯತ್ನಿಸಿ ಎಂದಿತು. ಅಂಥ ಸಭ್ಯತೆ ಇಷ್ಟೊಂದು ಕ್ರೂರವಾಗಿರಬಹುದೆಂದು ಅವರಿಗೆ ಗೊತ್ತಿರಲಿಲ್ಲ.

ಅಂಗಡಿಯವನ ಬಳಿ ಹೋಗಿ, ನನ್ನ ಪರಿಚಯದವರೊಬ್ಬರು ಪಾಸ್‌ವರ್ಡ್ ಮರೆತಿದ್ದಾರೆ, ಏನು ಮಾಡಬಹುದು ಎಂದು ವಿಚಾರಿಸಿದರು. ಅಂಗಡಿಯವನ ಮುಖ ಹೆಮ್ಮೆಯಿಂದ ಅರಳಿತು. ಏನೂ ಮಾಡುವ ಹಾಗಿಲ್ಲ ಸಾರ್, ಮಾಡಿದ ಕಂಪನಿಯವರಿಗೇ ಬಿಚ್ಚಲಾಗುವುದಿಲ್ಲ, ಸರ್ಕಾರಕ್ಕೂ ಆಗುವುದಿಲ್ಲ, ಸೂರ್ಯ ತಣ್ಣಗಾಗುವವರೆಗೂ ಲೆಕ್ಕ ಹಾಕುತ್ತ ಕೂತರೂ ಆಗುವುದಿಲ್ಲ, ಅದಕ್ಕೇ ಅಲ್ಲವೇ ಹೊರಗೆ ಬಿಡದಿರುವುದು ಎಂದ. ಗುರುತಪ್ಪನವರು ಅವನ ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕೂತು ಎದ್ದು ಬಂದರು.

ಅಕ್ಕ ಮತ್ತೆ ಫೋನು ಮಾಡಿ ಯಾಕೆ ಬರಲಿಲ್ಲ ಎಂದಳು. ಸತ್ಯ ನಾಲಗೆಯ ತುದಿವರೆಗೂ ಬಂತು. ಆದರೆ ಊರ ಜನರ ನೆನಪಿನ ಶಕ್ತಿಯನ್ನು ಅಷ್ಟು ವರ್ಷ ಪರೀಕ್ಷೆ ಮಾಡಿದ ಮನುಷ್ಯ, ತಾಯಿಯ ದನಿಯನ್ನೇ ಎಲ್ಲೋ ಇಟ್ಟು ಮರೆತೆ ಎಂದು ಯಾವ ಬಾಯಲ್ಲಿ ಹೇಳಬೇಕು? ಎದುರಿಗೆ ಡಬ್ಬಿಯ ಕೆಂಪು ಚೀಟಿ ಕಂಡಿತು.

"ಸರ್ಕಾರ ಬಿಡ್ತಿಲ್ಲ ಅಕ್ಕಾ" ಎಂದರು.

ಅದನ್ನು ವಿವರಿಸುವಾಗ ಅವರಿಗೇ ಆಶ್ಚರ್ಯವಾಗುವಷ್ಟು ನಿಜವೆನಿಸಿತು. ಅಮ್ಮನ ದನಿಗೆ ಒಳನಾಡಿನ ಬೀಗ ಹಾಕಿದೆ. ನಿಮ್ಮ ದೇಶದಲ್ಲಿ ಸಿಗುವುದು ಹಲ್ಲು ಕಿತ್ತ ಸಾಫ್ಟ್‌ವೇರ್, ಅದರಿಂದ ಇದು ಬಿಚ್ಚುವುದಿಲ್ಲ. ಬಿಚ್ಚುವಂಥದ್ದನ್ನು ಕಳಿಸಿದರೆ ಆಯುಧದ ರಫ್ತಾಗುತ್ತದೆ, ನನ್ನನ್ನು ಜೈಲಿಗೆ ಹಾಕುತ್ತಾರೆ. ಅಕ್ಕ, ಹಾಗಾ, ಎಂದು ಫೋನು ಇಟ್ಟಳು.

ಹೆಂಡತಿ ಪಕ್ಕದಲ್ಲೇ ಇದ್ದಳು. ಇಲ್ಲೇ ಬೀಗ ತೆಗೆದು, ಫೋನಿನ ಹತ್ತಿರ ಹಿಡಿದು ಕೇಳಿಸಿದರೆ ಆಯಿತಲ್ಲ ಎಂದಳು. ಇದಕ್ಕೆ ಗುರುತಪ್ಪನವರು ಕೊಟ್ಟ ಉತ್ತರ ಬಹಳ ಉದ್ದವಾಗಿತ್ತು. ಫೋನಿನ ತಂತಿಯೂ ಗಡಿ ದಾಟುತ್ತದೆಂದೂ, ಗಟ್ಟಿ ಬೀಗದೊಳಗೆ ಸ್ವಲ್ಪ ಕಾಲ ಇದ್ದ ವಸ್ತು ಕಾನೂನಿನ ದೃಷ್ಟಿಯಲ್ಲಿ ತಾನೂ ಗಟ್ಟಿಯಾಗುತ್ತದೆಂದೂ, ಇದು ಹೆಂಗಸರಿಗೆ ಅರ್ಥವಾಗುವುದಲ್ಲವೆಂದೂ ಅದರಲ್ಲಿ ಬಂತು. ಛತ್ರಿಯವನನ್ನು ಅವರು ಕೌಂಟರಿನಿಂದ ಹೇಗೆ ನೋಡುತ್ತಿದ್ದರೋ ಹಾಗೆ ಹೆಂಡತಿ ಅವರನ್ನು ನೋಡಿದಳು.

ಬೇರೆಯವರು ಮಾತ್ರ ಅವರನ್ನು ನಂಬಿದರು, ಅದೇ ಅನಾಹುತವಾಯಿತು. ಹೆಂಡತಿಯ ತಮ್ಮ, ಅಂದರೆ ಅವರ ಭಾವಮೈದುನ, ಬಂದರಿನಲ್ಲಿ ಸರಕು ಸಾಗಿಸುವ ಏಜೆಂಟು. ರಫ್ತಿನ ಕಚೇರಿಗಳ ಕುರ್ಚಿ, ಮೇಜುಗಳೂ ತನಗೆ ಪರಿಚಯವೆಂದು ಹೇಳಿಕೊಳ್ಳುವವನು. ಸುದ್ದಿ ಕೇಳಿ ಅವನ ರಕ್ತ ಕುದಿಯಿತು. ಮಗಳೊಬ್ಬಳು ತಾಯಿಯ ಬೈಗುಳ ಕೇಳುವುದಕ್ಕೂ ಸರ್ಕಾರ ಅಡ್ಡ ಬರುವುದೆಂದರೇನು? ಭಾವನವರೇ, ನೀವು ಕೈಕಟ್ಟಿ ಕೂತಿರಿ, ಅನುಮತಿ ತಂದು ನಿಮ್ಮ ಅಂಗೈಯಲ್ಲಿ ಇಡದಿದ್ದರೆ ನನ್ನ ಮೀಸೆ ಬೋಳಿಸುತ್ತೇನೆ ಎಂದ. ಬೇಡಪ್ಪಾ, ಸರ್ಕಾರಕ್ಕೆ ತೊಂದರೆ ಕೊಡಬಾರದು ಎಂದು ಗುರುತಪ್ಪನವರು ಅಂಗಲಾಚಿದರು. ಅದನ್ನು ಅವನು ಭಾವನ ದೊಡ್ಡ ಗುಣವೆಂದು ತಿಳಿದು ಇನ್ನೂ ಹುರುಪಿನಿಂದ ಹೊರಟ.

ಕೆಳಗಿನ ಮನೆಯಲ್ಲಿ ಹಲ್ಲಿನ ಡಾಕ್ಟರು ಇದ್ದರು. ಮೇಲಿನ ಮನೆಯಲ್ಲಿ ಆಯುಧದ ಪಟ್ಟಿಗೆ ಸೇರಿದ ವಸ್ತು ಇದೆಯೆಂದು ತಿಳಿದು ಅವರು ಬಂದು, ತಮ್ಮ ಡ್ರಿಲ್ಲಿನ ಅದುರುವಿಕೆಗೆ ಅದಕ್ಕೇನಾದರೂ ಆಗಬಹುದೇ ಎಂದು ಗಂಭೀರವಾಗಿ ಕೇಳಿದರು. ಏನೂ ಆಗುವುದಿಲ್ಲ, ಅದು ಬರೀ ಬೀಗ ಎಂದರೆ, ಹೌದು, ಬಾಂಬು ಇಟ್ಟವರೂ ಹಾಗೇ ಹೇಳುತ್ತಾರೆ ಎಂದು ತಲೆಯಾಡಿಸಿದರು. ಮಾರನೆಯ ದಿನದಿಂದ ಗುರುತಪ್ಪನವರ ಕೋಣೆಯ ನೇರಕ್ಕಿದ್ದ ರೋಗಿಯ ಕುರ್ಚಿಯನ್ನು ಗೋಡೆಯಂಚಿಗೆ ಸರಿಸಿಕೊಂಡರು. ಎದುರುಮನೆಯವರು ಬಾಲ್ಕನಿಯಲ್ಲಿ ಮಿಂಚುತ್ತಿದ್ದ ಕಂದು ಪಟ್ಟಿ ಏನೆಂದು ತಮ್ಮೊಳಗೇ ಪಿಸುಗುಟ್ಟಿ, ತಂತಿಯಿಲ್ಲದ ಸಂದೇಶ ಕಳಿಸುವ ಏರ್ಪಾಡು ಎಂದು ತೀರ್ಮಾನಿಸಿದರು. ಸ್ಟೇಷನ್ನಿನಲ್ಲಿ ಹಮಾಲರು ಇವರಿಗೆ ಸೆಲ್ಯೂಟು ಹೊಡೆಯತೊಡಗಿದರು. ಬೇರೆ ದಿನಗಳಾಗಿದ್ದರೆ ಗುರುತಪ್ಪನವರು ಹಿಗ್ಗಿ ಹೀರೇಕಾಯಿಯಾಗುತ್ತಿದ್ದರು. ಈಗ ಒಂದೊಂದು ಸೆಲ್ಯೂಟಿಗೂ ಅವರು ಮುಖ ತಿರುಗಿಸಿ ಒಳಗೆ ಹೋಗುತ್ತಿದ್ದರು, ಯಾಕೆಂದರೆ ಅಕ್ಕನ ಬಲಗಿವಿ ಇದಕ್ಕೆಲ್ಲ ಕಾಯುತ್ತ ಕೂತಿರಲಿಲ್ಲ.

ಭಾವಮೈದುನನ ಮೀಸೆ ಉಳಿಯಿತು. ಒಂದು ಬೆಳಿಗ್ಗೆ ಅವನು ರಫ್ತು ಪರವಾನಗಿಯ ಅಧಿಕಾರಿಯನ್ನೇ ಜೊತೆಯಲ್ಲಿ ಕರೆತಂದ. ಅಧಿಕಾರಿ ಒಣಕಲು ಮೈಯ, ಬಗಲಲ್ಲಿ ಫ್ಲಾಸ್ಕು ತೂಗುಹಾಕಿಕೊಂಡ, ಬಹಳ ದಣಿದಂತೆ ಕಾಣುವ ಮನುಷ್ಯ. ಗುರುತಪ್ಪನವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಒದ್ದೆ ಮಾಡಿಕೊಂಡ. ಈ ಸಾಫ್ಟ್‌ವೇರಿಗೆ ಅನುಮತಿ ಕೊಡುವ ಕುರ್ಚಿಯಲ್ಲಿ ಅವನು ಕೂತು ಎಷ್ಟೋ ಕಾಲವಾಗಿತ್ತಂತೆ. ಜನ ಡಬ್ಬಿ ಕೊಳ್ಳುತ್ತಾರೆ, ಒಳಗಿನ ಡಿಸ್ಕನ್ನು ಜೇಬಿಗೆ ಹಾಕಿಕೊಂಡು ವಿಮಾನ ಹತ್ತುತ್ತಾರೆ, ಅವನನ್ನು ಕೇಳುವವರೇ ಇಲ್ಲ. ಕಾನೂನನ್ನು ಓದಿ, ಹೆದರಿ, ಮನೆಯಲ್ಲಿ ಕೂತ ಮೊದಲ ಮನುಷ್ಯ ನೀವು ಎಂದ. ಅನುಮತಿ ಕೊಟ್ಟ ಹಾಗೇ, ಒಂದೇ ಒಂದು ಶಾಸ್ತ್ರ ಮಾತ್ರ ಬಾಕಿ ಇದೆ, ನನ್ನೆದುರಿಗೆ ಒಂದು ಸಲ ಬೀಗ ತೆಗೆದು ತೋರಿಸಿಬಿಡಿ ಎಂದ.

ಕೋಣೆಯಲ್ಲಿ ಆಗಲೇ ಭಾವಮೈದುನ, ಅಂಗಡಿಯವನು, ಬಾಗಿಲ ಬಳಿ ಅರ್ಧ ಒಳಗೆ ಅರ್ಧ ಹೊರಗೆ ಹಲ್ಲಿನ ಡಾಕ್ಟರು, ಎಲ್ಲರಿಗಿಂತ ಹಿಂದೆ ಕೈಕಟ್ಟಿಕೊಂಡು ಹೆಂಡತಿ. ಗುರುತಪ್ಪನವರು ಕೂತು, ಬೆರಳು ನೆಟಿಕೆ ಮುರಿದು, ಹಲ್ಲಿನ ಕಚ್ಚಿನಿಂದ ಶುರು ಮಾಡಿ ಒಂದು ಉದ್ದನೆಯ ಸರ ಹಾಕಿದರು. ಕ್ಷಮಿಸಿ ಎಂದಿತು ಕಂಪ್ಯೂಟರು. ಕುದುರೆಯನ್ನು ಮುಂದೆ ತಂದು ಕನ್ನಡಕವನ್ನು ಹಿಂದೆ ಹಾಕಿದರು. ಕ್ಷಮಿಸಿ. ಅವರ ಬೆನ್ನಿನ ಮೇಲೆ ಅಂಗಿ ಅಂಟಿಕೊಂಡಿತು.

ಅಧಿಕಾರಿ ಮೆಚ್ಚುಗೆಯಿಂದ ತಲೆದೂಗಿದ. ಇಷ್ಟು ಜನರೆದುರು ಪಾಸ್‌ವರ್ಡ್ ತೋರಿಸಬಾರದೆಂಬ ಎಚ್ಚರಿಕೆ ನೋಡಿ, ಇದನ್ನು ಎಲ್ಲರೂ ಕಲಿಯಬೇಕು ಎಂದು, ದಯವಿಟ್ಟು ಎಲ್ಲರೂ ಗೋಡೆಯ ಕಡೆ ತಿರುಗಿ ಎಂದ. ಎಲ್ಲರೂ ಗೋಡೆಯ ಕಡೆ ತಿರುಗಿದರು. ಅಧಿಕಾರಿಯೂ ತಿರುಗಿದ. ಹೆಂಡತಿ ಮಾತ್ರ ತಿರುಗಲಿಲ್ಲ. ಗೋಡೆಗೆ ಮುಖ ಮಾಡಿ ನಿಂತ ನಾಲ್ಕು ಬೆನ್ನುಗಳ ಹಿಂದೆ ಗುರುತಪ್ಪನವರು ಬಕೆಟ್ಟನ್ನೂ ಸೇರಿಸಿ ನೋಡಿದರು. ಆಕೆಯ ಕಣ್ಣು ತಪ್ಪಿಸಲು ಹೋಗಿ ಸೂರು ನೋಡಿದರು. ಅಲ್ಲೇನೂ ಬರೆದಿರಲಿಲ್ಲ.

ಬಹಳ ಹೊತ್ತಾದ ಮೇಲೆ ಅಧಿಕಾರಿ ತಾನೇ ತಿರುಗಿ, ಕಂಪ್ಯೂಟರಿನ ಮೇಲಿದ್ದ ಕ್ಷಮಾಪಣೆಯನ್ನು ಓದಿ, ಫ್ಲಾಸ್ಕಿನಿಂದ ಎರಡು ಗುಟುಕು ನೀರು ಕುಡಿದ. ಆಮೇಲೆ ತೀರ್ಪು ಕೊಟ್ಟ. ಧಣಿಯೇ ಕೂತು, ಅಧಿಕಾರಿಯ ಸಮ್ಮುಖದಲ್ಲಿ, ತೆಗೆಯಬೇಕೆಂದು ಮನಸ್ಸು ಮಾಡಿಯೂ ತೆಗೆಯಲಾಗದಂಥ ಬೀಗವನ್ನು ತಾನು ನೋಡಿದ್ದೇ ಇಲ್ಲ. ಇದು ಪಟ್ಟಿಯಲ್ಲಿ ಹೇಳಿರುವುದಕ್ಕಿಂತ ಗಟ್ಟಿ. ಇಂಥದ್ದು ಗಡಿ ದಾಟಿದರೆ ದೇಶದ ಗತಿಯೇನು? ಅನುಮತಿ ಇಲ್ಲ.

ಭಾವಮೈದುನ ಮೀಸೆ ಮುಟ್ಟಿಕೊಂಡ. ಗುರುತಪ್ಪನವರಿಗೆ ಒಂದು ಕ್ಷಣ ಸ್ವರ್ಗವೇ ಕೈಗೆ ಸಿಕ್ಕಂತಾಯಿತು. ಅವರು ಹೇಳಿದ್ದ ಸುಳ್ಳಿಗೆ ಸರ್ಕಾರವೇ ಮೊಹರು ಒತ್ತಿತ್ತು. ಇನ್ನು ಯಾರೂ ಕೇಳುವ ಹಾಗಿಲ್ಲ. ಅಧಿಕಾರಿ ಮೆಟ್ಟಿಲಿಳಿಯುತ್ತ, ವಸ್ತು ಹೊರಗೆ ಹೋಗಬಾರದೇ ಹೊರತು ಮನುಷ್ಯರು ಒಳಗೆ ಬರಬಾರದೆಂದು ಎಲ್ಲೂ ಇಲ್ಲ, ನಿಮ್ಮ ಅಕ್ಕನನ್ನೇ ಕರೆಸಿಕೊಂಡು ಇಲ್ಲಿ ಕೇಳಿಸಿಬಿಡಿ ಎಂದು ಪ್ರೀತಿಯಿಂದ ಹೇಳಿ ಹೋದ. ಭಾವಮೈದುನ ಅಲ್ಲಿಂದಲೇ ಹೋಗಿ ಅಕ್ಕನಿಗೆ ತಂತಿ ಕೊಟ್ಟ.

ಎಲ್ಲರೂ ಹೋದ ಮೇಲೆ ಗುರುತಪ್ಪನವರು ಬಾಲ್ಕನಿಗೆ ಹೋಗಿ ಕಂದು ಪಟ್ಟಿಯನ್ನು ಬಿಚ್ಚತೊಡಗಿದರು. ಹೆಂಡತಿ ಏನೂ ಕೇಳದೆ ಇನ್ನೊಂದು ತುದಿ ಹಿಡಿದುಕೊಂಡಳು. ಇಬ್ಬರೂ ಸೇರಿ ಅದನ್ನು ಒರೆಸಿ, ಸುಕ್ಕು ತೀಡಿ, ಪೆನ್ಸಿಲಿನಿಂದ ಸುತ್ತಿ ಕ್ಯಾಸೆಟ್ಟಿನ ಹಳೆಯ ಡಬ್ಬಿಯೊಳಗೆ ಸೇರಿಸಿದರು. ಹಾಕಿ ನೋಡಿದರೆ ಗಾಳಿ ಬೀಸಿದಂತೆ ಬರೀ ಸುಯ್ ಎಂದಿತು. ಬಿಸಿಲು ಅಮ್ಮನನ್ನು ಪೂರ್ತಿ ಅಳಿಸಿತ್ತು. ಗುರುತಪ್ಪನವರು ಮಂಡಿಗೆ ತಲೆ ಕೊಟ್ಟು ಅತ್ತರು, ಹೆಂಡತಿ ಅವರ ಬೆನ್ನು ಸವರುತ್ತ ಕೂತಳು. ಅಕ್ಕನಿಗೆ ನೀವೇ ಹೇಳಿ, ನಾನು ಹೇಳಲಾರೆ ಎಂದಳು.

ಅಕ್ಕ ರೈಲಿನಲ್ಲಿ ಬಂದಳು. ಕರೆತರಲು ಹೋದ ಭಾವಮೈದುನನನ್ನು ಪ್ಲಾಟ್‌ಫಾರಮ್ಮಿನಲ್ಲೇ ಬಿಟ್ಟು ನೇರವಾಗಿ ತಮ್ಮನ ಕೌಂಟರಿಗೆ ಬಂದು, ಸಾಲಿನಲ್ಲಿ ನಿಂತಳು. ಅವಳ ಹಿಂದೆ ಛತ್ರಿಯವನು ನಿಂತಿದ್ದ. ತಮ್ಮನ ನಿಯಮ ಅವಳಿಗೆ ಗೊತ್ತಿತ್ತು. ಸರದಿ ಬಂದಾಗ ಕಿಂಡಿಯ ಮುಂದೆ ಬಲಗಿವಿ ಮುಂದೆ ಮಾಡಿ ನಿಂತಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಗಲ್ಲ ಅಮ್ಮನ ಗಲ್ಲದಂತೆ ಮುಂದೆ ಬಂದಿತ್ತು.

ಗುರುತಪ್ಪನವರು ಕಿಂಡಿಗೆ ಬಾಯಿಟ್ಟು, ಪಾಸ್‌ವರ್ಡ್ ಮರೆತೆ ಅಕ್ಕಾ ಎಂದು ಮೆಲ್ಲಗೆ ಹೇಳಿದರು. ಅಕ್ಕ, ಏನು ಎಂದಳು. ಸ್ವಲ್ಪ ಜೋರಾಗಿ ಹೇಳಿದರು. ಸಾಲಿನಲ್ಲಿದ್ದವರು ಕತ್ತು ಚಾಚಿದರು. ಅಕ್ಕ ಕಿವಿಗೆ ಅಂಗೈ ಮರೆ ಮಾಡಿಕೊಂಡು, ಕೇಳಿಸಲಿಲ್ಲ ಎಂದಳು. ಇನ್ನೂ ಜೋರಾಗಿ ಹೇಳಿದರು. ಹಮಾಲರು ಗಾಡಿ ನಿಲ್ಲಿಸಿದರು. ಅಕ್ಕನ ಮುಖದಲ್ಲಿ ಇನ್ನೂ ಪ್ರಶ್ನೆಯೇ ಇತ್ತು. ಎಷ್ಟೋ ತಿಂಗಳು ಯಾರಿಗೂ ಹೇಳದೆ ಮುಚ್ಚಿಟ್ಟಿದ್ದನ್ನು ಗುರುತಪ್ಪನವರು ಕೊನೆಗೆ ಎದ್ದು ನಿಂತು, ಎದೆ ಬಿರಿಯುವಂತೆ ಕೂಗಿದರು.

"ನಂಗೆ ಮರ್ತೋಯ್ತು ಅಕ್ಕಾ! ಸರ್ಕಾರ ಅಲ್ಲ, ನಾನು! ಅಮ್ಮನ್ನ ಒಳಗಿಟ್ಟು ಕೀಲಿ ಕಳೆದುಬಿಟ್ಟೆ!"

ಸ್ಟೇಷನ್ ಮಾಸ್ತರು ತಮ್ಮ ಕೋಣೆಯಿಂದ ತಲೆ ಹೊರಗೆ ಹಾಕಿದರು. ಟಿಕೆಟ್ ಕೌಂಟರುಗಳಲ್ಲಿ ಮಾತು ನಿಂತಿತು. ಅಕ್ಕನಿಗೆ ಈಗ ಕೇಳಿಸಿತ್ತು.

"ನೀನು ಸರ್ಕಾರ ಅಂದಾಗಲೇ ನಂಗೆ ಅನುಮಾನ ಬಂತು. ಸ್ಲೇಟು ಕಳ್ಕೊಂಡಾಗಲೂ ಹೆಡ್‌ಮಾಸ್ಟ್ರು ಇಟ್ಕೊಂಡಿದಾರೆ ಅಂತಿದ್ದೆ" ಎಂದಳು. ಆಮೇಲೆ ಅವಳ ಗಲ್ಲ ಅದುರಿತು, ಸೊಂಟದ ಮೇಲೆ ಕೈ ಹೋಯಿತು. ಕಿವಿ ಕೇಳದವರು ಮಾತಾಡುವಂತೆ, ತನ್ನ ದನಿಯ ಅಂದಾಜಿಲ್ಲದೆ, ಇಡೀ ಸ್ಟೇಷನ್ನಿಗೆ ಕೇಳುವಂತೆ ಶುರು ಮಾಡಿದಳು. "ಬೀಗ ಮಾತ್ರ ಆನೆಗಾತ್ರದ್ದು ತಂದೆ. ಕೀಲಿ ಎಲ್ಲೋ ಅಂದ್ರೆ ಸೂರು ನೋಡ್ತೀಯಲ್ಲ, ಅಲ್ಲೇನು ಬರೆದಿದ್ಯಾ? ತಲೆ ಕತ್ತಿಗೆ ಅಂಟ್ಕೊಂಡಿದೆ, ಉಳ್ಕೊಂಡಿದೆ. ಇಲ್ದಿದ್ರೆ ಅದನ್ನೂ ಎಲ್ಲಾದ್ರೂ ಇಟ್ಟು ಬಂದು, ಯಾರಾದ್ರೂ ನೋಡಿದ್ರಾ ಅಂತ ಕೇಳ್ತಿದ್ದೆ."

ಗುರುತಪ್ಪನವರು ಕಣ್ಣು ಮುಚ್ಚಿದರೆ ಎದುರಿಗೆ ಅಮ್ಮ ನಿಂತಿದ್ದಳು. ಅವರು ತಿರುಗಿ, ಕಪಾಟಿನಿಂದ ಯಾರೋ ಕ್ಯಾಸೆಟ್ಟಿನ ಸಮೇತ ಬಿಟ್ಟುಹೋಗಿದ್ದ ಟೇಪ್ ರೆಕಾರ್ಡರನ್ನು ಇಳಿಸಿದರು. ಯಾರ ಸಾಮಾನನ್ನೂ ಗುರುತು ಕೇಳದೆ ಅವರು ಮುಟ್ಟಿದ್ದು ಸರ್ವೀಸಿನಲ್ಲಿ ಅದೇ ಮೊದಲು. ಗುಂಡಿ ಒತ್ತಿ ಕಿಂಡಿಯ ಮುಂದಿಟ್ಟು, ಇನ್ನೊಂದು ಸಲ ಬೈಯಕ್ಕಾ ಎಂದು ಕೂಗಿದರು. ಇವನಿಗೆ ತಲೆ ಕೆಟ್ಟಿದೆಯೇನೋ ಎಂದು ಅಕ್ಕನಿಗೆ ಇನ್ನಷ್ಟು ಸಿಟ್ಟು ಬಂತು. ಮೊದಲಿನಿಂದ, ಇನ್ನೂ ಚೆನ್ನಾಗಿ, ಪೂರ್ತಿ ಬೈದಳು.

ಆಮೇಲೆ ಗುರುತಪ್ಪನವರು ಪಟ್ಟಿಯನ್ನು ಹಿಂದಕ್ಕೆ ಸುತ್ತಿ, ದನಿಯನ್ನು ಕೊನೆಯವರೆಗೂ ಏರಿಸಿ, ಯಂತ್ರವನ್ನು ಅಕ್ಕನ ಬಲಗಿವಿಗೆ ಒತ್ತಿ ಹಿಡಿದರು. ಅಕ್ಕ ಕೇಳಿದಳು. ಮುಖದ ಸಿಟ್ಟು ಇಳಿದು, ಬಾಯಿ ಸ್ವಲ್ಪ ತೆರೆದುಕೊಂಡು, ಕಿಂಡಿಯ ಕಟ್ಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಇದು ನಾನಲ್ಲ ಕಣೋ" ಎಂದಳು. "ಅಮ್ಮ."

ಗುರುತಪ್ಪನವರ ಬಾಯಿಂದ, ಇಷ್ಟು ವರ್ಷದ ಅಭ್ಯಾಸಬಲದಿಂದ, ತಾನಾಗಿಯೇ ಮಾತು ಬಂತು.

"ಗುರುತು ಹೇಳಕ್ಕಾ."

ಅಕ್ಕ ಅವರ ತುಟಿ ನೋಡಿ ಅರ್ಥ ಮಾಡಿಕೊಂಡಳು. "ಬೈದಾದ ಮೇಲೆ ಮೂಗಲ್ಲಿ ಒಂದು ಉಸಿರು ಬಿಡ್ತಿದ್ಲು. ಸಾಕಾಗಿ ಹೋಯ್ತು ಅನ್ನೋ ಹಾಗೆ. ಇದರಲ್ಲಿದೆ, ಕೇಳು."

ಇತ್ತು. ಗುರುತಪ್ಪನವರು ಕ್ಯಾಸೆಟ್ಟನ್ನು ತೆಗೆದು, ಅಂಗಿಯ ತುದಿಯಿಂದ ಒರೆಸಿ, ಕಿಂಡಿಯ ಮೂಲಕ ಧಣಿಗೆ ಒಪ್ಪಿಸಿದರು. ಮುಂದಿನವನು ಛತ್ರಿಯವನು. ಅವನು ಆ ದಿನ ಬಹಳ ಕಷ್ಟಪಟ್ಟು ಏನನ್ನೋ ನೆನಪು ಮಾಡಿಕೊಂಡು ಬಂದಿದ್ದ. ಬಾಯಿ ತೆರೆಯುವ ಮೊದಲೇ ಇವರು ಛತ್ರಿಯನ್ನು ಅವನ ಕೈಗಿಟ್ಟರು. ಗುರುತು ಹೇಳುತ್ತೇನೆ ಸಾರ್, ಹಿಡಿಯಲ್ಲಿ ಹಲ್ಲಿನ ಕಚ್ಚಿದೆ, ನನ್ನ ಮಗಳು ಕೂಸಾಗಿದ್ದಾಗ ಕಚ್ಚಿದ್ದು ಎಂದು ಅವನು ಗೋಗರೆದ. ಇರಲಿ, ತಗೊಂಡು ಹೋಗಿ ಎಂದರು.

ಅಕ್ಕ ಊರಿಗೆ ಮರಳುವಾಗ ಗಡಿಯ ತಪಾಸಣೆಯವನು ಅವಳ ಚೀಲದಿಂದ ಕ್ಯಾಸೆಟ್ಟನ್ನು ತೆಗೆದು, ಇದೇನೆಂದು ಕೇಳಿದನಂತೆ. ನಮ್ಮಮ್ಮ ಬೈಯೋದು ಎಂದಳಂತೆ ಇವಳು. ಅವನು ತನ್ನ ಯಂತ್ರಕ್ಕೆ ಹಾಕಿ ಕೇಳಿ, ಅರ್ಧಕ್ಕೇ ನಿಲ್ಲಿಸಿ, ನೆಟ್ಟಗೆ ಕೂತುಕೊಂಡು, ವಾಪಸು ಕೊಟ್ಟನಂತೆ. ಬೀಗದ ಡಬ್ಬಿ ಗುರುತಪ್ಪನವರ ಮನೆಯಲ್ಲೇ ಇದೆ. ಆಮೇಲೆ ಸರ್ಕಾರ ಆ ನಿರ್ಬಂಧವನ್ನು ಸಡಿಲಿಸಿತು, ಅಂಥದ್ದನ್ನು ಈಗ ಯಾರು ಎಲ್ಲಿಗೆ ಬೇಕಾದರೂ ಒಯ್ಯಬಹುದು. ಒಳಗಿರುವುದು ಮಾತ್ರ ಒಳಗೇ ಇದೆ.

ಅಕ್ಕನ ಬಲಗಿವಿಯೂ ಈಗ ಪೂರ್ತಿ ಹೋಗಿದೆ. ಆದರೂ ಭಾನುವಾರ ಫೋನು ಮಾಡುತ್ತಾಳೆ. ಈ ಕಡೆಯಿಂದ ಯಾರು ಎತ್ತಿದರು, ಏನು ಹೇಳಿದರು ಎಂದು ಅವಳಿಗೆ ತಿಳಿಯುವುದಿಲ್ಲ. ಸ್ವಲ್ಪ ಹೊತ್ತು ಕಾದು, ತಮ್ಮ ಇದ್ದಾನೆಂದುಕೊಂಡು, ಮನೆಯ ಬೀಗದ ಕೀಲಿ ಎಲ್ಲಿಟ್ಟಿದ್ದೀಯ ಎಂದು ಶುರು ಮಾಡುತ್ತಾಳೆ. ಗುರುತಪ್ಪನವರು ಫೋನನ್ನು ಕಿವಿಗೆ ಒತ್ತಿಕೊಂಡು, ಅವಳಿಗೆ ಕೇಳಿಸುವುದಿಲ್ಲವೆಂದು ಗೊತ್ತಿದ್ದರೂ, ಜೇಬು ಮುಟ್ಟಿ ನೋಡಿಕೊಂಡು, ಇದೆ ಅಮ್ಮಾ ಎನ್ನುತ್ತಾರೆ.